ಪಾರ್ಕಿನ ಹೊಯಿಗೆ, ಕಡಲ ಹೊಯಿಗೆ

ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋದವರ ಕಣ್ಣು ಮೇಲಿರುತ್ತದೆ. ಜಾರುಬಂಡೆ ಎಷ್ಟೆತ್ತರ ಇದೆ, ಜೋಕಾಲಿ ಖಾಲಿ ಆಯಿತಾ ಅಂತ. ಬೀಚಿಗೆ ಹೋದವರ ಕಣ್ಣು ದೂರದಲ್ಲಿ, ಅಲೆಯ ಮೇಲೆ, ಮುಳುಗುವ ಸೂರ್ಯನ ಮೇಲೆ. ಕಾಲಬುಡವನ್ನು ನೋಡುವವರು ಕಡಿಮೆ. ಎರಡೂ ಕಡೆ ಮಗುವಿನ ಕಾಲಬುಡದಲ್ಲಿ ಇರುವುದು ಮರಳು, ಕರಾವಳಿಯವರ ಬಾಯಲ್ಲಿ ಹೊಯಿಗೆ. ಪಾರ್ಕಿನಲ್ಲಿ ಅದು ಸಾಕಷ್ಟು ಇಲ್ಲದೆ ಪೆಟ್ಟಾಗುತ್ತದೆ. ಕಡಲಲ್ಲಿ ಅದು ಎಲ್ಲಿ ಗುಡ್ಡೆಯಾಗಿದೆ, ಎಲ್ಲಿ ಕೊರೆದುಹೋಗಿದೆ ಅನ್ನುವುದರ ಮೇಲೆ ನೀರಿನ ಸೆಳೆತ ನಿಂತಿದೆ. ಹೊಯಿಗೆಯನ್ನು ಓದುವುದು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಪಾರ್ಕು.

ಆಟದ ಜಾಗದಲ್ಲಿ ಆಗುವ ಜೋರು ಪೆಟ್ಟುಗಳಲ್ಲಿ ಹೆಚ್ಚಿನವು ಮೇಲಿಂದ ಬಿದ್ದು ಆಗುವಂಥವು. ಮಕ್ಕಳು ಬೀಳದಂತೆ ಮಾಡಲು ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಹತ್ತುವುದು, ಜಾರುವುದು, ಬೀಳುವುದು ಅವರ ಕಸುಬು. ಬಿದ್ದಾಗ ನೆಲ ಎಷ್ಟು ಬಗ್ಗಿಕೊಡುತ್ತದೆ ಅನ್ನುವುದೊಂದೇ ನಮ್ಮ ಕೈಲಿರುವುದು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಆಟದ ಜಾಗಗಳಿಗೆಂದು ಮಾಡಿದ ಕೈಪಿಡಿಯಲ್ಲಿ ಇದರ ಲೆಕ್ಕ ಇದೆ. 9 ಇಂಚು ದಪ್ಪದ ಮರಳು 4 ಅಡಿ ಎತ್ತರದಿಂದ ಬಿದ್ದವರನ್ನು ಕಾಯುತ್ತದೆ. ಅಷ್ಟೇ ದಪ್ಪದ ದುಂಡು ಸಣ್ಣ ಜಲ್ಲಿ 5 ಅಡಿಗೆ, ಮರದ ಚಕ್ಕೆಯಾದರೆ 10 ಅಡಿಗೆ. ಅಂದರೆ ಆರು ಅಡಿಯ ಮೇಲಿನ ಜಾರುಬಂಡೆಗೆ, ನೇತಾಡುವ ಮಂಕಿ ಬಾರಿಗೆ ಒಳ್ಳೆಯ ಮರಳೂ ಸಾಲದು. ಇನ್ನು ನಮ್ಮ ಬಡಾವಣೆಗಳ ಪಾರ್ಕುಗಳಲ್ಲಿ ಎಷ್ಟೋ ಕಡೆ ಇರುವುದು ಎರಡಿಂಚು ಮರಳು, ಅದರ ಕೆಳಗೆ ಗಟ್ಟಿ ಮಣ್ಣು.

ಅಳೆಯುವುದು ಸುಲಭ. ಮಗುವಿನ ಸ್ಕೂಲ್ ಬ್ಯಾಗಿನಲ್ಲಿರುವ ಸ್ಕೇಲನ್ನೋ, ಬಿದ್ದ ಒಂದು ಕಡ್ಡಿಯನ್ನೋ ತೆಗೆದುಕೊಂಡು ಮೂರು ಜಾಗದಲ್ಲಿ ಚುಚ್ಚಿ: ಜೋಕಾಲಿಯ ಕೆಳಗೆ, ಜಾರುಬಂಡೆಯ ಬಾಯಿಯ ಮುಂದೆ, ನೇತಾಡುವ ಕಂಬಿಯ ಕೆಳಗೆ. ಈ ಮೂರು ಕಡೆಯೇ ಮರಳು ಮೊದಲು ತೆಳುವಾಗುವುದು. ಜೋಕಾಲಿಯ ಕೆಳಗೆ ನೋಡಿದರೆ ಕಾಲು ಎಳೆದು ಎಳೆದು ದೋಣಿಯ ಹೊಟ್ಟೆಯಂಥ ಹಳ್ಳವಾಗಿರುತ್ತದೆ. ಮರಳೆಲ್ಲ ಎರಡು ತುದಿಗೆ ಗುಡ್ಡೆ ಬಿದ್ದಿರುತ್ತದೆ, ನಡುವೆ ನುಣ್ಣಗೆ ಹೊಳೆಯುವ ಮಣ್ಣು. ಕೆಲವು ಕಡೆ ಕಂಬ ಊರಲು ಹಾಕಿದ ಕಾಂಕ್ರೀಟಿನ ತಲೆಯೇ ಮೇಲೆ ಬಂದಿರುತ್ತದೆ. ಮಗು ಬೀಳುವುದು ಗುಡ್ಡೆಯ ಮೇಲಲ್ಲ, ಆ ಹೊಳೆಯುವ ಜಾಗದ ಮೇಲೆ. ಕಾಲಲ್ಲೇ ತಳ್ಳಿ ಮರಳನ್ನು ನಡುವೆ ತಂದರೆ ಐದು ನಿಮಿಷದ ಕೆಲಸ. ಪಾರ್ಕಿನ ಮಾಲಿಗೆ ವಾರಕ್ಕೊಮ್ಮೆ ಕುಂಟೆಯಾಡಿಸಲು ಹೇಳಿದರೆ ಅವರೂ ಬೇಡ ಅನ್ನುವುದಿಲ್ಲ.

ಯಾವ ಮರಳು ಅನ್ನುವುದೂ ಮುಖ್ಯ. ನದಿ ಮರಳಿನ ಕಾಳು ದುಂಡಗೆ, ಒಂದರ ಮೇಲೊಂದು ಉರುಳಿ ಜಾಗ ಬಿಡುತ್ತದೆ. ಕಲ್ಲು ಒಡೆದು ಮಾಡುವ ಎಂ-ಸ್ಯಾಂಡಿನ ಕಾಳು ಮೊನಚು, ಜತೆಗೆ ಕಲ್ಲುಪುಡಿ ಇರುತ್ತದೆ. ಒಂದು ಮಳೆ ಬಿದ್ದು ನಾಲ್ಕು ದಿನ ಬಿಸಿಲು ಕಾದರೆ ಗಾರೆ ನೆಲದ ಹಾಗೆ ಕೂರುತ್ತದೆ. ಹೊಸದಾಗಿ ಸುರಿದಾಗ ಕಾಲು ಹೂತುಹೋಗುವಂತಿದ್ದದ್ದು ತಿಂಗಳೊಳಗೆ ಕಲ್ಲಾಗುವುದು ಇದಕ್ಕೇ. ಅಪಾರ್ಟ್‌ಮೆಂಟುಗಳಲ್ಲಿ ಸ್ಲ್ಯಾಬಿನ ಮೇಲೆ ಹಸಿರು ಹುಲ್ಲುಹಾಸು ಅಂಟಿಸಿರುತ್ತಾರಲ್ಲ, ಅದು ಕಣ್ಣಿಗೆ ಮಾತ್ರ ಮೆತ್ತಗೆ. ಕೆಳಗೆ ಸ್ಪಂಜಿನಂಥ ಪದರ ಇಲ್ಲದಿದ್ದರೆ ಕಾಂಕ್ರೀಟಿಗೆ ಬಣ್ಣ ಹೊಡೆದ ಹಾಗೆಯೇ. ರಬ್ಬರ್ ಟೈಲ್ ಆದರೆ ಎಷ್ಟು ಎತ್ತರದ ಬೀಳುವಿಕೆಗೆ ಪರೀಕ್ಷೆಯಾಗಿದೆ ಎಂದು ಮಾರುವವರನ್ನು ಕೇಳಿ, ಬರಹದಲ್ಲಿ ಪಡೆಯಿರಿ. ಎತ್ತರ ಹೆಚ್ಚಿದಂತೆ ಟೈಲಿನ ದಪ್ಪವೂ ಹೆಚ್ಚಬೇಕು. ಜಿಮ್ಮಿಗೆಂದು ಬರುವ ತೆಳು ಹಾಸನ್ನು ಜಾರುಬಂಡೆಯ ಬುಡಕ್ಕೆ ಹಾಕಿದರೆ ಏನೂ ಹಾಕದಿದ್ದಷ್ಟೇ.

ಮೆತ್ತನೆಯ ನೆಲ ಸಲಕರಣೆಯ ಸುತ್ತ 6 ಅಡಿ ಹರಡಿರಬೇಕು. ಜೋಕಾಲಿಗೆ ಇದು ಸಾಲದು. ಸರಪಳಿ ಕಟ್ಟಿದ ಅಡ್ಡಕಂಬ ನೆಲದಿಂದ 8 ಅಡಿ ಇದ್ದರೆ ಮುಂದೆ 16 ಅಡಿ, ಹಿಂದೆ 16 ಅಡಿ ಖಾಲಿ ಇರಬೇಕು. ಜೋರಾಗಿ ತೂಗುವ ಮಗು ಹಾರಿ ಬೀಳುವುದು ಅಷ್ಟು ದೂರಕ್ಕೆ. ಜೋಕಾಲಿಯ ಎದುರಿಗೇ ಕಲ್ಲು ಬೆಂಚು ಹಾಕಿ ಕೂರುವ ವ್ಯವಸ್ಥೆ ಮಾಡಿರುವ ಪಾರ್ಕುಗಳಿವೆ. ಅಜ್ಜ ಅಜ್ಜಿಗೆ ಮೊಮ್ಮಕ್ಕಳು ಕಾಣಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಹಾಕಿರುತ್ತಾರೆ, ಏನು ಮಾಡುವುದು.

ಸರಪಳಿಯ ಮೇಲ್ತುದಿಯಲ್ಲಿ ಇಂಗ್ಲಿಷಿನ ಎಸ್ ಅಕ್ಷರದ ಆಕಾರದ ಕೊಂಡಿ ಇರುತ್ತದೆ. ಅದರ ಬಾಯಿ ಪೂರ್ತಿ ಮುಚ್ಚಿರಬೇಕು. ಒಂದು ರೂಪಾಯಿ ನಾಣ್ಯದ ಅಂಚು ತೂರುವಷ್ಟು ಸಂದು ಇದ್ದರೆ ಕೊಂಡಿ ತೆರೆದುಕೊಳ್ಳುತ್ತಿದೆ ಎಂದೇ ಅರ್ಥ. ಬಟ್ಟೆ ಸಿಕ್ಕಿಕೊಳ್ಳುತ್ತದೆ, ಮುಂದೊಂದು ದಿನ ಸರಪಳಿಯೇ ಕಳಚುತ್ತದೆ. ಕೊಂಡಿ ಕಂಬಿಯನ್ನು ಉಜ್ಜುವ ಜಾಗದಲ್ಲಿ ಸವೆದು ಅರ್ಧ ದಪ್ಪಕ್ಕೆ ಬಂದಿದೆಯೇ ಎಂದೂ ನೋಡಿ. ಕಿರ್ರ್ ಎಂದು ಕೂಗುವ ಜೋಕಾಲಿ ಎಣ್ಣೆ ಕೇಳುತ್ತಿದೆ ಅಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಅದು ಹೇಳುತ್ತಿರುವುದು ಈ ಸವೆತವನ್ನೇ.

ಸರಳುಗಳ ನಡುವಿನ ಸಂದು ಮೂರೂವರೆ ಇಂಚಿಗಿಂತ ಕಿರಿದಾಗಿರಬೇಕು, ಇಲ್ಲವೇ 9 ಇಂಚಿಗಿಂತ ಅಗಲವಾಗಿರಬೇಕು. ಇವೆರಡರ ನಡುವೆ ಇದ್ದರೆ ಚಿಕ್ಕ ಮಗುವಿನ ಮೈ ನುಸುಳುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಮಗು ಕಾಲು ಮುಂದಾಗಿ ನುಸುಳಿದಾಗ ಇದು ಕುತ್ತಿಗೆಗೇ ಬರುತ್ತದೆ. ಹತ್ತಿಸುವ ಮುಂಚೆ ಕತ್ತಿನ ಸರ, ಐಡಿ ಕಾರ್ಡಿನ ಟೇಪು, ಟೋಪಿಯ ದಾರ, ಸೈಕಲ್ ಹೆಲ್ಮೆಟ್, ವೇಲು ಎಲ್ಲ ತೆಗೆಸಿ. ಹೆಲ್ಮೆಟ್ ರಸ್ತೆಯಲ್ಲಿ ಕಾಯುತ್ತದೆ, ಮಂಕಿ ಬಾರಿನಲ್ಲಿ ತಲೆಯನ್ನು ಹಿಡಿದು ನಿಲ್ಲಿಸುತ್ತದೆ.

ಜಾರುಬಂಡೆಯ ವಿಷಯದಲ್ಲಿ ತಂದೆತಾಯಿಯ ಪ್ರೀತಿಯೇ ಕಾಲು ಮುರಿಯುವುದುಂಟು. ಎರಡು ವರ್ಷದ ಕೂಸು ಒಬ್ಬನೇ ಹೇಗೆ ಜಾರುತ್ತಾನೆ ಎಂದು ತೊಡೆಯ ಮೇಲೆ ಕೂರಿಸಿಕೊಂಡು ಜಾರುತ್ತಾರೆ. ಮಗುವಿನ ಶೂ ಅಂಚಿಗೆ ಒತ್ತಿ ಹಿಡಿಯುತ್ತದೆ. ಮಗು ಒಂದೇ ಇದ್ದಿದ್ದರೆ ಅದರ ಹತ್ತು ಹನ್ನೆರಡು ಕಿಲೋ ಅಲ್ಲೇ ನಿಲ್ಲುತ್ತಿತ್ತು. ಈಗ ಹಿಂದಿನಿಂದ ಎಪ್ಪತ್ತು ಕಿಲೋ ಬರುತ್ತಿದೆ. ಪಾದ ಅಲ್ಲೇ, ಮೈ ಮುಂದೆ, ನಡುವಿನ ಮೊಣಕಾಲ ಕೆಳಗಿನ ಮೂಳೆ ತಿರುಚಿ ಬಿರಿಯುತ್ತದೆ. ಮೂಳೆ ಡಾಕ್ಟರುಗಳಿಗೆ ಬಹಳ ಪರಿಚಿತವಾದ ಗಾಯ ಇದು. ಊತ ಕಾಣದಿದ್ದರೂ ಮಗು ಕಾಲೂರಲು ಒಪ್ಪದಿದ್ದರೆ ಎಕ್ಸ್‌ರೇ ಮಾಡಿಸಬೇಕು. ಒಬ್ಬನೇ ಜಾರಲು ಬಾರದ ಮಗುವನ್ನು ಜಾರುಬಂಡೆಯ ಕೊನೆಯ ಎರಡಡಿಯಲ್ಲಿ ಕೂರಿಸಿ, ಪಕ್ಕದಲ್ಲಿ ನಿಂತು, ಕೈ ಹಿಡಿದು ಜಾರಿಸಿ. ಅದಕ್ಕೆ ಅಷ್ಟೇ ಖುಷಿ. ಏಪ್ರಿಲ್ ಮೇ ತಿಂಗಳಲ್ಲಿ ಮೊದಲು ಅಂಗೈಯ ಹಿಂಭಾಗ ಇಟ್ಟು ನೋಡಿ. ಐದು ಎಣಿಸುವವರೆಗೆ ಇಡಲಾಗದಿದ್ದರೆ ಅವತ್ತಿಗೆ ಜಾರುಬಂಡೆ ಬೇಡ. ತಗಡಷ್ಟೇ ಅಲ್ಲ, ಪ್ಲಾಸ್ಟಿಕ್ಕೂ ಚರ್ಮ ಸುಡುತ್ತದೆ.

ಗೇಟನ್ನು ಮರೆಯಬಾರದು. ಬೆಂಗಳೂರಿನ ಮಲ್ಲೇಶ್ವರದಲ್ಲಿ 2024ರ ಸೆಪ್ಟೆಂಬರಿನಲ್ಲಿ ಆಟದ ಮೈದಾನದ ಕಬ್ಬಿಣದ ಗೇಟು ಮೈಮೇಲೆ ಬಿದ್ದು ಬಾಲಕನೊಬ್ಬ ತೀರಿಕೊಂಡ. ಗೇಟನ್ನು ತೆಗೆಯುವುದು ದೊಡ್ಡವರ ಕೆಲಸ, ಅದರ ಮೇಲೆ ಹತ್ತಿ ತೂಗುವ ಆಟ ಬೇಡವೇ ಬೇಡ. ಸರಿಯುವ ಗೇಟಾದರೆ ಹಳಿಯ ತುದಿಯಲ್ಲಿ ತಡೆ ಇದೆಯೇ, ಮೇಲಿನ ಹಿಡಿಕೆ ಭದ್ರವಾಗಿದೆಯೇ ಎಂದು ಒಂದು ಸಲ ಕಣ್ಣಾಡಿಸಿ.

ಇನ್ನು ಕಡಲು

ದಡದ ಮೇಲೆ ಮಕ್ಕಳ ಮೊದಲ ಕೆಲಸ ಗುಂಡಿ ತೋಡುವುದು. ಇದರಲ್ಲಿ ಅಪಾಯ ಇದೆ ಎಂದು ಹೇಳಿದರೆ ನಗುತ್ತಾರೆ. ಒದ್ದೆ ಹೊಯಿಗೆಯ ಕಾಳುಗಳ ನಡುವೆ ತೆಳ್ಳನೆಯ ನೀರಿನ ಪದರ ಇದ್ದು ಅದು ಒಂದನ್ನೊಂದು ಹಿಡಿದಿರುತ್ತದೆ. ಅದಕ್ಕೇ ಗುಂಡಿಯ ಗೋಡೆ ನೆಟ್ಟಗೆ ನಿಲ್ಲುವುದು, ಅರಮನೆ ಕಟ್ಟಲು ಆಗುವುದು. ಬಿಸಿಲಿಗೆ ಅಂಚು ಒಣಗಿದರೂ, ಕೆಳಗಿನಿಂದ ನೀರು ಒಸರಿ ನೆನೆದರೂ ಆ ಹಿಡಿತ ತಪ್ಪುತ್ತದೆ. ಯಾವ ಸೂಚನೆಯೂ ಇಲ್ಲದೆ ಗೋಡೆ ಕುಸಿಯುತ್ತದೆ. ಒಂದು ಘನ ಮೀಟರ್ ಹೊಯಿಗೆ ಒಂದೂವರೆ ಟನ್ನಿಗೂ ಮೇಲೆ ತೂಗುತ್ತದೆ. ಎದೆಯವರೆಗೆ ಹೂತ ಮಗು ಕೂಗಬಲ್ಲದು, ಆದರೆ ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಳ್ಳಲಾರದು. ತಲೆ ಮುಚ್ಚಿದರೆ ಗುಂಡಿ ಎಲ್ಲಿತ್ತು ಅನ್ನುವುದೇ ಗೊತ್ತಾಗದಂತೆ ನೆಲ ಸಮ ಆಗಿಬಿಡುತ್ತದೆ.

ಹಾಗಾಗಿ ಒಂದೇ ಅಳತೆ ಇಟ್ಟುಕೊಳ್ಳಿ: ಗುಂಪಿನ ಅತಿ ಚಿಕ್ಕ ಮಗುವಿನ ಮೊಣಕಾಲಿಗಿಂತ ಆಳ ಬೇಡ. ಎರಡು ಗುಂಡಿಗಳ ನಡುವೆ ಸುರಂಗ ಕೊರೆಯುವುದಂತೂ ಬೇಡವೇ ಬೇಡ. ಅಕಸ್ಮಾತ್ ಯಾರಾದರೂ ಹೂತುಹೋದರೆ ಅಂಚಿನ ಮೇಲೆ ಜನ ಗುಂಪುಗೂಡದಂತೆ ನೋಡಿ, ನಿಂತವರ ಭಾರಕ್ಕೆ ಇನ್ನಷ್ಟು ಕುಸಿಯುತ್ತದೆ. ಗುದ್ದಲಿ ಬೇಡ. ಕೈಯಿಂದ, ತಟ್ಟೆಯಿಂದ, ಬಕೆಟಿನಿಂದ ಅಗಲವಾಗಿ ಬಾಚಿ ದೂರ ಎಸೆಯುತ್ತ ಮೊದಲು ಮುಖ, ಆಮೇಲೆ ಎದೆ ಬಿಡಿಸಬೇಕು. ತೋಳು ಹಿಡಿದು ಎಳೆದರೆ ಬರುವುದಿಲ್ಲ.

ಈಗ ನೀರು. ಪತ್ರಿಕೆಗಳಲ್ಲಿ ಯಾವಾಗಲೂ 'ಸುಳಿಗೆ ಸಿಲುಕಿ' ಎಂದು ಬರೆಯುತ್ತಾರೆ. ಸುಳಿ ಅಂದಕೂಡಲೇ ಕೆಳಕ್ಕೆ ಎಳೆಯುವ ಗಿರಗಿಟ್ಟಲೆಯ ಚಿತ್ರ ಮನಸ್ಸಿಗೆ ಬರುತ್ತದೆ. ನಮ್ಮ ಬೀಚುಗಳಲ್ಲಿ ಜನರನ್ನು ಒಯ್ಯುವುದು ಬಹುತೇಕ ಸೆಳೆತ. ಅದು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಈ ವ್ಯತ್ಯಾಸ ತಿಳಿದವರು ಬದುಕಿಕೊಳ್ಳುತ್ತಾರೆ.

ಇದೂ ಹೊಯಿಗೆಯದೇ ಆಟ. ದಡದಿಂದ ಸ್ವಲ್ಪ ಒಳಗೆ ನೀರಡಿಯಲ್ಲಿ ದಡಕ್ಕೆ ಸಮಾನಾಂತರವಾಗಿ ಹೊಯಿಗೆಯ ದಿಬ್ಬ ಇರುತ್ತದೆ. ಅಲೆ ಅದರ ಮೇಲೆ ಒಡೆದು ಬಿಳಿ ನೊರೆಯಾಗಿ ಒಳಗೆ ನುಗ್ಗುತ್ತದೆ. ಹೀಗೆ ನುಗ್ಗಿದ ನೀರು ದಿಬ್ಬದ ಈಚೆ ತುಂಬಿಕೊಂಡು ವಾಪಸು ಹೋಗಲು ದಾರಿ ಹುಡುಕುತ್ತದೆ. ದಿಬ್ಬ ಎಲ್ಲಿ ಕಡಿದಿದೆಯೋ ಅಲ್ಲಿ, ಗದ್ದೆಯ ಬದು ಒಡೆದಾಗ ನೀರು ನುಗ್ಗುವ ಹಾಗೆ, ಒಂದೇ ಕಡೆ ಸೇರಿ ಹೊರಕ್ಕೆ ಹರಿಯುತ್ತದೆ. ಜೋರಿದ್ದಾಗ ಅದರ ವೇಗ ಸೆಕೆಂಡಿಗೆ ಎರಡು ಮೀಟರನ್ನೂ ದಾಟಬಹುದು. ಒಲಿಂಪಿಕ್ ಈಜುಗಾರರಿಗೂ ಎದುರೀಜಲು ಕಷ್ಟ.

ನೋಡಲು ಹೇಗಿರುತ್ತದೆ ಅನ್ನುವುದೇ ಮೋಸ. ಎರಡು ಕಡೆ ಬಿಳಿ ನೊರೆ ಏಳುತ್ತಿರುತ್ತದೆ, ನಡುವೆ ಒಂದು ಓಣಿಯಷ್ಟು ಜಾಗದಲ್ಲಿ ಅಲೆಯೇ ಒಡೆಯುವುದಿಲ್ಲ. ಆಳ ಹೆಚ್ಚಿರುವುದರಿಂದ ಅಲ್ಲಿನ ನೀರು ಸ್ವಲ್ಪ ಕಪ್ಪಗೆ ಕಾಣುತ್ತದೆ, ಅಥವಾ ಕದಡಿದ ಹೊಯಿಗೆ ಹೊತ್ತು ಕಂದಾಗಿರುತ್ತದೆ. ಮೇಲ್ಮೈ ಸಣ್ಣಗೆ ಕುದಿಯುವ ಹಾಗೆ ನಡುಗುತ್ತಿರುತ್ತದೆ. ಕಸ, ನೊರೆ, ತೆಂಗಿನ ಸೋಗೆಯ ಚೂರು ಹೊರಕ್ಕೆ ತೇಲುತ್ತಿರುತ್ತವೆ. ಮಕ್ಕಳನ್ನು ಕರೆತಂದ ತಾಯಿ 'ಇಲ್ಲಿ ಅಲೆ ಕಡಿಮೆ ಇದೆ, ಇಲ್ಲೇ ಆಡಿ' ಎನ್ನುವುದು ಸರಿಯಾಗಿ ಆ ಜಾಗವನ್ನೇ ತೋರಿಸಿ. ಬಂದ ತಕ್ಷಣ ಇಳಿಯದೆ ಹತ್ತು ನಿಮಿಷ ಎತ್ತರದ ಜಾಗದಲ್ಲಿ ನಿಂತು ನೋಡಿ. ದೊಡ್ಡ ಅಲೆಗಳು ಗುಂಪುಗುಂಪಾಗಿ ಬರುತ್ತವೆ, ನಡುವೆ ಬಿಡುವು ಇರುತ್ತದೆ. ಬಿಡುವಿನಲ್ಲಿ ಬಂದವರಿಗೆ ಕಡಲು ಸಾಧು ಎನಿಸುತ್ತದೆ. ದಡದಿಂದ ಕೈರಂಪಣಿ ಬಲೆ ಎಳೆಯುವ ಮೀನುಗಾರರು ಹತ್ತಿರ ಇದ್ದರೆ 'ಇವತ್ತು ಸೆಳೆತ ಎಲ್ಲಿದೆ ಅಣ್ಣಾ' ಎಂದು ಕೇಳಿ. ಬೆರಳು ಮಾಡಿ ತೋರಿಸುತ್ತಾರೆ.

ಅಣ್ಣ ತೋರಿಸಿದ ಜಾಗ ಮುಂದಿನ ತಿಂಗಳು ಅಲ್ಲೇ ಇರುವುದಿಲ್ಲ. ಮಳೆಗಾಲದ ಅಲೆ ದಡದ ಹೊಯಿಗೆಯನ್ನು ಕಿತ್ತು ಒಳಗೆ ಒಯ್ದು ದಿಬ್ಬ ಮಾಡುತ್ತದೆ. ಮಳೆ ಹೋದ ಮೇಲೆ ಸಣ್ಣ ಅಲೆಗಳು ಅದನ್ನು ತಿಂಗಳುಗಟ್ಟಲೆ ಮೆಲ್ಲಗೆ ವಾಪಸು ತರುತ್ತವೆ. ಮೇ ತಿಂಗಳಲ್ಲಿ ಮೂವತ್ತು ಹೆಜ್ಜೆ ಹೋದರೂ ಮೊಣಕಾಲಷ್ಟೇ ನೀರಿದ್ದ ಜಾಗ ದಸರಾ ರಜೆಗೆ ಹೋದಾಗ ಐದು ಹೆಜ್ಜೆಗೆ ಸೊಂಟ ಮುಟ್ಟುವುದು ಇದರಿಂದ. 'ನಮಗೆ ಗೊತ್ತಿರುವ ಬೀಚು' ಅನ್ನುವ ಮಾತು ಅರ್ಥವಿಲ್ಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ದಡದಿಂದಲೇ ನೋಡಿ ಬನ್ನಿ. ಮಲ್ಪೆಯಲ್ಲಿ ಆ ದಿನಗಳಲ್ಲಿ ದಡದುದ್ದಕ್ಕೂ ಬಲೆ ಕಟ್ಟುವುದು ಸುಮ್ಮನೆ ಅಲ್ಲ.

ನದಿ ಕಡಲು ಸೇರುವ ಅಳಿವೆ ಎಲ್ಲ ಕಾಲದಲ್ಲೂ ಬೇಡ. ಇಳಿತದ ಹೊತ್ತಿನಲ್ಲಿ ಹಿನ್ನೀರೆಲ್ಲ ಆ ಕಿರಿದಾದ ಬಾಯಲ್ಲಿ ಹೊರನುಗ್ಗುತ್ತದೆ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಇನ್ನೂ ಜೋರು. ನೋಡಲು ಕೆರೆಯ ಹಾಗೆ ತೆಪ್ಪಗಿರುತ್ತದೆ. ಪಾದೆಗಲ್ಲುಗಳ ಪಕ್ಕವೂ ಹಾಗೆಯೇ. ಬಂಡೆಗೆ ಬಡಿದ ನೀರು ಬಂಡೆಯ ಮಗ್ಗುಲಲ್ಲೇ ಹೊರಗೆ ಓಡುತ್ತದೆ. ಉಳ್ಳಾಲದ ಸೋಮೇಶ್ವರ, ಕಾಪುವಿನ ದೀಪಸ್ತಂಭದ ಬಂಡೆ, ಗೋಕರ್ಣದ ಓಂ ಬೀಚು, ಎಲ್ಲ ಕಡೆ ಪಾಚಿ ಹಿಡಿದ ಕಲ್ಲಿನ ಮೇಲೆ ಫೋಟೋಗೆ ನಿಲ್ಲುವವರು ಒದ್ದೆ ಗೆರೆಯನ್ನು ನೋಡಬೇಕು. ಕಲ್ಲು ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅಲ್ಲಿಯವರೆಗೆ ಅಲೆ ಈಗಾಗಲೇ ಬಂದು ಹೋಗಿದೆ.

ಎಷ್ಟು ಆಳದವರೆಗೆ ಬಿಡಬಹುದು? ಮಗುವಿನ ಮೊಣಕಾಲಿನವರೆಗೆ. ನಿಮ್ಮ ಮೊಣಕಾಲಲ್ಲ. ಸೊಂಟದವರೆಗೆ ನೀರಿದ್ದರೆ ಮೈಯ ಭಾರ ಸುಮಾರು ಅರ್ಧ ಇಳಿದಿರುತ್ತದೆ, ಪಾದಕ್ಕೆ ನೆಲದ ಹಿಡಿತ ಇರುವುದಿಲ್ಲ. ಸಾಲದ್ದಕ್ಕೆ ಹಿಂದಿರುಗುವ ಅಲೆ ಹಿಮ್ಮಡಿಯ ಕೆಳಗಿನ ಹೊಯಿಗೆಯನ್ನೇ ಕೆರೆದು ಒಯ್ಯುತ್ತದೆ. ನಿಂತು ನೋಡಿ, ಎರಡು ಅಲೆಗೆ ಹಿಮ್ಮಡಿ ಇದ್ದಲ್ಲಿ ಬಟ್ಟಲಿನಷ್ಟು ತಗ್ಗು, ಮೈ ಹಿಂದಕ್ಕೆ ವಾಲುತ್ತದೆ. ಮಕ್ಕಳಿಗೆ ಅದೇ ಕಚಗುಳಿ, ಅದೇ ಆಟ. ಬೆನ್ನು ಕಡಲಿಗೆ ಮಾಡಿ ನಿಂತ ಮಗುವನ್ನು ಮೂರನೆಯ ಅಲೆ ಕೆಡವುತ್ತದೆ. ಕಡಲಿಗೆ ಬೆನ್ನು ಹಾಕಬಾರದು ಅನ್ನುವುದನ್ನು ಬೀಚಿಗೆ ಬರುವ ಮುಂಚೆ ಮನೆಯಲ್ಲೇ ಕಲಿಸಿ. ಐದು ವರ್ಷದೊಳಗಿನವರಿಗೆ ನೀವು ಕೈಚಾಚಿದರೆ ಸಿಗುವಷ್ಟು ದೂರ ಮಾತ್ರ.

ಗಾಳಿ ತುಂಬಿದ ಟ್ಯೂಬು, ಬಾತುಕೋಳಿ, ತೋಳಿಗೆ ಹಾಕುವ ಬಲೂನು ಎಲ್ಲ ಆಟದ ಸಾಮಾನು. ಲೈಫ್ ಜಾಕೆಟ್ಟಿನ ಕೆಲಸ ಇವು ಮಾಡುವುದಿಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಬೇಸಿಗೆಯ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಮಧ್ಯಾಹ್ನದ ಹೊತ್ತಿಗೆ ತಿರುಗಿ ಕಡಲಿಂದ ನೆಲಕ್ಕೆ. ಬಿಸಿಲೇರುವ ಮುಂಚೆ ಆಡಿಸೋಣ ಎಂದು ಏಳು ಗಂಟೆಗೆ ಟ್ಯೂಬು ಬಿಟ್ಟರೆ ಗಾಳಿ ಅದನ್ನು ಲಕ್ಷದ್ವೀಪದ ದಿಕ್ಕಿಗೆ ತಳ್ಳುತ್ತಿರುತ್ತದೆ. ಬಟ್ಟೆಯ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ತಿಳಿ ನೀಲಿ, ಬಿಳಿ, ಬೂದು ಬಣ್ಣ ನೀರಲ್ಲಿ ಮಾಯವಾಗುತ್ತದೆ. ಕಣ್ಣಿಗೆ ಹೊಡೆಯುವ ಕಿತ್ತಳೆ, ಗುಲಾಬಿ ಹಾಕಿಸಿ, ಚೆಂದ ಕಾಣದಿದ್ದರೂ ಸರಿ.

ಶಾಲಾ ಪ್ರವಾಸದ ಬಗ್ಗೆ ಪ್ರತ್ಯೇಕ ಹೇಳಬೇಕು. ಮುರುಡೇಶ್ವರದಲ್ಲಿ 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲುಪಾಲಾದರು. ಬಯಲುಸೀಮೆಯ ಮಕ್ಕಳಿಗೆ ಕೆರೆ ಗೊತ್ತು, ಕಡಲು ಗೊತ್ತಿಲ್ಲ. ಬಸ್ಸಿಳಿದ ಹುರುಪಿನಲ್ಲಿ ಕೈ ಕೈ ಹಿಡಿದು ಸಾಲಾಗಿ ಇಳಿಯುತ್ತಾರೆ. ಅದು ಭದ್ರ ಎಂದು ಶಿಕ್ಷಕರಿಗೂ ಅನಿಸುತ್ತದೆ. ಒಬ್ಬಳು ತಗ್ಗಿಗೆ ಬಿದ್ದರೆ ಪಕ್ಕದವಳನ್ನೂ ಎಳೆಯುತ್ತಾಳೆ, ಅವಳು ಮತ್ತೊಬ್ಬಳನ್ನು. ಸಮವಸ್ತ್ರದ ಚೂಡಿದಾರ ನೆನೆದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಜೀವರಕ್ಷಕರು ಇಲ್ಲದ ಬೀಚಿನಲ್ಲಿ ಮಕ್ಕಳನ್ನು ಅಲೆಗೆ ಇಳಿಸಲೇಬೇಡಿ. ಹತ್ತು ಮಕ್ಕಳ ತಂಡ ತಂಡವಾಗಿ, ಪಾದ ನೆನೆಯುವಷ್ಟು, ಹದಿನೈದು ನಿಮಿಷ. ಕಡಲ ಕಡೆ ಇಬ್ಬರು ದೊಡ್ಡವರು ದಡಕ್ಕೆ ಮುಖ ಮಾಡಿ ನಿಂತಿರಬೇಕು, ದಡದಲ್ಲಿ ಒಬ್ಬರು ಬರೀ ಎಣಿಸುತ್ತಿರಬೇಕು. ಆ ಮೂವರ ಕೈಯಲ್ಲೂ ಮೊಬೈಲ್ ಇರಬಾರದು. ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನೀರಿಗೆ ಇಳಿಯುವ ಜಾಗ ಗುರುತು ಮಾಡುವುದು, ಜೀವರಕ್ಷಕರನ್ನು ಇಡುವುದು ಆ ಮಾನ್ಯತೆಯ ಷರತ್ತುಗಳಲ್ಲೇ ಇವೆ. ಪ್ರವಾಸದ ಪಟ್ಟಿ ಮಾಡುವವರು ಇಂಥ ಕಡೆಯನ್ನು ಆರಿಸಲಿ. ಕೆಂಪು ಹಳದಿ ಅಡ್ಡಪಟ್ಟಿಯ ಎರಡು ಬಾವುಟಗಳ ನಡುವಿನ ಜಾಗ ಜೀವರಕ್ಷಕರ ಕಣ್ಣಳತೆಯದು. ಬರೀ ಕೆಂಪು ಹಾರುತ್ತಿದ್ದರೆ ಇಳಿಯುವಂತಿಲ್ಲ.

ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ ಕೂಗುವುದಿಲ್ಲ. ಉಸಿರಿಗೇ ಪುರುಸೊತ್ತಿಲ್ಲದಾಗ ಕೂಗು ಎಲ್ಲಿಂದ? ಮೈ ನೆಟ್ಟಗೆ, ತಲೆ ಹಿಂದಕ್ಕೆ, ಬಾಯಿ ನೀರಿನ ಮಟ್ಟದಲ್ಲಿ ತೆರೆದುಕೊಂಡು, ಕೂದಲು ಕಣ್ಣ ಮೇಲೆ. ಕೈಗಳು ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಏಣಿ ಹತ್ತುವವರ ಹಾಗೆ. ಗಲಾಟೆ ಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ಮೊದಲು ಅತ್ತ ನೋಡಿ. ಇದೆಲ್ಲ ಒಂದು ನಿಮಿಷದೊಳಗೆ ಮುಗಿಯುತ್ತದೆ.

ಸೆಳೆತಕ್ಕೆ ಸಿಕ್ಕವರು ದಡದ ಕಡೆ ಈಜಬಾರದು. ಅಂಗಾತ ತೇಲಬೇಕು, ಕೈ ಎತ್ತಿ ತೋರಿಸಬೇಕು. ಈಜು ಬರುವವರು ದಡಕ್ಕೆ ಸಮಾನಾಂತರವಾಗಿ, ನೊರೆ ಕಾಣುವ ಕಡೆಗೆ ಈಜಬೇಕು. ನೊರೆ ಇದ್ದಲ್ಲಿ ದಿಬ್ಬ ಇದೆ, ಅಲೆ ದಡಕ್ಕೆ ತಳ್ಳುತ್ತದೆ. ದಡದಲ್ಲಿದ್ದವರು ಬರಿಗೈಯಲ್ಲಿ ಹಾರಬಾರದು. ಒಬ್ಬನ ಹಿಂದೆ ಇಬ್ಬರು ಹೋಗುವುದು ಹೀಗೇ. ಮುಚ್ಚಳ ಬಿಗಿದ 5 ಲೀಟರಿನ ಖಾಲಿ ನೀರಿನ ಕ್ಯಾನು ಒಬ್ಬರ ತಲೆಯನ್ನು ನೀರ ಮೇಲೆ ಹಿಡಿಯಬಲ್ಲದು. ಅದರ ಹಿಡಿಗೆ ಇಪ್ಪತ್ತು ಮೀಟರ್ ನೈಲಾನ್ ಹಗ್ಗ ಕಟ್ಟಿ ಕಾರಿನ ಡಿಕ್ಕಿಯಲ್ಲಿ ಇಟ್ಟರೆ ಖರ್ಚು ಹೆಚ್ಚೇನಿಲ್ಲ. ಕೈಯಲ್ಲಿ ಎಸೆದರೆ ಖಾಲಿ ಕ್ಯಾನು ಗಾಳಿಗೆ ಹೊರಳುತ್ತದೆ, ಒಳಗೆ ಒಂದು ಲೋಟ ನೀರು ಬಿಟ್ಟಿರಿ.

ಮೇಲೆ ತಂದ ಮಗುವನ್ನು ಬೋರಲು ಹಾಕಿ ಹೊಟ್ಟೆ ಒತ್ತುವುದು, ಕಾಲು ಹಿಡಿದು ತಿರುಗಿಸುವುದು ನಮ್ಮಲ್ಲಿ ಇನ್ನೂ ನಡೆಯುತ್ತದೆ. ಹೊಟ್ಟೆ ಒತ್ತಿದರೆ ಬರುವುದು ಹೊಟ್ಟೆಯ ನೀರು, ಊಟ. ಅದು ಉಸಿರುದಾರಿಗೆ ಹೋಗುತ್ತದೆ. ಆ ಹೊತ್ತಿನಲ್ಲಿ ಕೊಡಬೇಕಾದ್ದು ಉಸಿರು. ಅಂಗಾತ ಮಲಗಿಸಿ, ಗದ್ದ ಎತ್ತಿ, ಉಸಿರಾಡುತ್ತಿಲ್ಲವಾದರೆ ಮೂಗು ಹಿಡಿದು ಬಾಯಿಗೆ ಬಾಯಿಟ್ಟು 5 ಸಲ ಉಸಿರು ಊದಿ, ಎದೆ ಏಳುವುದು ಕಾಣಬೇಕು. ಆಮೇಲೆ ಎದೆಯ ನಡುವೆ, ಎದೆಯ ದಪ್ಪದ ಮೂರನೆಯ ಒಂದರಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, 2 ಉಸಿರು. ನೆರವು ಬರುವವರೆಗೆ ಇದೇ. ಇನ್ನೊಬ್ಬರು 112ಕ್ಕೋ 108ಕ್ಕೋ ಫೋನ್ ಮಾಡಲಿ. ಎದ್ದು ಕೂತು ಮಾತಾಡಿದರೂ ಕೆಮ್ಮು ನಿಲ್ಲದಿದ್ದರೆ, ತೂಕಡಿಸಿದರೆ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಸಣ್ಣಪುಟ್ಟವು ಇನ್ನೂ ಇವೆ. ಜೆಲ್ಲಿಫಿಶ್ ತಾಗಿದರೆ ಉಜ್ಜಬೇಡಿ, ಕುಡಿಯುವ ನೀರು ಹಾಕಬೇಡಿ. ಕಡಲ ನೀರಲ್ಲೇ ತೊಳೆದು ಅಂಟಿದ ಎಳೆಯನ್ನು ಚಿಮಟದಿಂದ ತೆಗೆಯಿರಿ. ಆಮೇಲೆ ಸುಡದಷ್ಟು, ತಡೆಯುವಷ್ಟು ಬಿಸಿ ನೀರಿನಲ್ಲಿ 20 ನಿಮಿಷ. ತೊರಕೆ ಮೀನಿನ (ಸ್ಟಿಂಗ್‌ರೇ) ಮುಳ್ಳಿಗೂ ಬಿಸಿ ನೀರೇ ಮೊದಲ ಉಪಚಾರ, ಆದರೆ ಮುಳ್ಳು ಒಳಗೆ ಉಳಿಯಬಹುದು, ಡಾಕ್ಟರಿಗೆ ತೋರಿಸಿ. ಮಗುವಿನ ಮುಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ನಿಮ್ಮ ಫೋನ್ ನಂಬರ್ ಬರೆಯಿರಿ. ಹೆಸರು ಬೇಡ, ನಂಬರ್ ಸಾಕು.

ಹೊರಡುವ ಮುಂಚೆ ತೋಡಿದ ಗುಂಡಿಯನ್ನು ಮಕ್ಕಳ ಕೈಯಲ್ಲೇ ಮುಚ್ಚಿಸಿ, ಮೇಲೆ ಕುಣಿಸಿ. ಕತ್ತಲಲ್ಲಿ ಓಡಿಬರುವ ಇನ್ನೊಂದು ಮಗುವಿನ ಪಾದ ಮುರಿಯುವುದು ಇಂಥ ಗುಂಡಿಯಲ್ಲೇ. ಚಳಿಗಾಲದಲ್ಲಿ ಮೊಟ್ಟೆ ಇಡಲು ದಡ ಹತ್ತುವ ಕಡಲಾಮೆಯೂ ಬಿದ್ದರೆ ಮೇಲೆ ಹತ್ತಲಾರದು.